ಕುರಿದೊಡ್ಡಿಯ ಮುಂದೆ ಮೂರು ಮೊಣಕಾಲು

ಹಂಚಿನ ಮೇಲೆ ಮೂರನೆಯ ರೊಟ್ಟಿ ಹಾಕಿ ನೀರು ಸವರುತ್ತಿದ್ದೆ. ಅಪರಿಚಿತರೊಬ್ಬರು ಬಾಗಿಲಲ್ಲಿ ನಿಂತು, "ಮೊಣಕಾಲ ತೋರ್ಸಾಕ ಬಂದೇನ್ರೆವ್ವಾ" ಎಂದರು. ಧೋತರವನ್ನು ಆಗಲೇ ಮೇಲಕ್ಕೆತ್ತಿ ಹಿಡಿದಿದ್ದರು. ನಮ್ಮ ಮನೆ ದವಾಖಾನೆಯಲ್ಲ ಎನ್ನುವಷ್ಟರಲ್ಲಿ ನನ್ನ ಮಾವ ಮಲಕಾರಿಯವರು ಹೊರಗೆ ಬಂದು, ಇವರನ್ನು ತಾವೇ ಕರೆಸಿದ್ದೆಂದು ಹೇಳಿ ಚಹಾ ಇಡಿಸಿದರು. ರೊಟ್ಟಿ ಕರಕಾಯಿತು.

ಮಾವನ ಬಲಮೊಣಕಾಲು ಸವೆದು ಹತ್ತು ವರ್ಷವಾಯಿತು. ಆ ಕಾಲು ಎಳೆದುಕೊಂಡೇ ಕುರಿ ಕಾಯುತ್ತಾರೆ. ಹೀಗೇ ಬಿಟ್ಟರೆ ಬರುವ ವರ್ಷ ಕೋಲು ಹಿಡಿದರೂ ನಡೆಯಲಾಗದು ಎಂದು ಮಿರಜದ ಡಾಕ್ಟರು ಹೋದ ವಾರ ಹೇಳಿದರು. ಆಪರೇಶನ್ ಮಾಡಿ ಹಾಕುವ ಮೂರು ಬಗೆಯ ಮೊಣಕಾಲು ಮೇಜಿನ ಮೇಲೆ ಇಟ್ಟು ತೋರಿಸಿದರು: ಸಾದಾ ಲೋಹದ್ದು, ಬಂಗಾರದ ಬಣ್ಣದ್ದು, ಹೆಚ್ಚು ಮಡಚುವಂಥದ್ದು. ದಿನಕ್ಕೆ ಎಷ್ಟು ನಡೆಯಬೇಕೆಂದಿದ್ದೀರಿ ಎಂದು ಕೇಳಿದರು. ಕುರಿ ನಡೆದಷ್ಟು ಎಂದರು ಮಾವ. ಮೂರನ್ನೂ ಅಂಗೈಯಲ್ಲಿ ತೂಗಿ, ನಡೆಸಿ ನೋಡದೆ ತಾನು ಟಗರನ್ನೂ ಕೊಂಡವನಲ್ಲ, ಎಂಟು ದಿನ ಬೇಕು ಎಂದು ಎದ್ದು ಬಂದರು.

ಅಂದಿನಿಂದ ಏಳು ವರ್ಷದ ನನ್ನ ಮಗಳು ಕೋಮಲ ಏನೋ ಕೇಳಲು ಬಾಯಿ ತೆರೆಯುತ್ತಾಳೆ, ಅಜ್ಜನ ಮುಖ ನೋಡಿ ಮುಚ್ಚುತ್ತಾಳೆ. ರವಿವಾರ ಅಜ್ಜನ ಜೊತೆ ಕುರಿಯ ಹಿಂದೆ ಹೋಗುವವಳು ಅವಳೊಬ್ಬಳೇ. ಮಾತು ಬಂದಾಗ ಬರಲಿ ಎಂದು ನಾನು ಒತ್ತಾಯಿಸಲಿಲ್ಲ.

ಆ ಮೂರು ಬಗೆ ಹಾಕಿಸಿಕೊಂಡವರನ್ನೇ ಹುಡುಕಿ ಮಾವ ಕರೆಸಿದ್ದರು. ಧೋತರ ಎತ್ತಿಕೊಂಡು ಮೊದಲು ಬಂದವರು ಉಗಾರದ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ದಶರಥ, ಸಾದಾ ಮೊಣಕಾಲಿನವರು. ಆಮೇಲೆ ಮಂಗಸೂಳಿಯಿಂದ ಬಂಗಾರದ ಬಣ್ಣದ ತಾರಾಬಾಯಿ ಬಂದರು. ಒಳಗಿರುವುದು ಕಾಣುವುದಿಲ್ಲವೆಂದು ಎಕ್ಸ್‌ರೇ ತಂದಿದ್ದರು. ಅದರಲ್ಲಿ ಬಣ್ಣ ಕಾಣಲಿಲ್ಲ. ಹೆಚ್ಚು ಮಡಚುವವರು ಯಡೂರಿನ ಸುಂದ್ರವ್ವ. ಯಾರೂ ಕೇಳದೆಯೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎದ್ದು ತೋರಿಸಿದರು.

ಮಾವ ದೊಡ್ಡಿಯ ಪಕ್ಕ ಹೊರಸಿನ ಮೇಲೆ ಕೂತು ಒಬ್ಬೊಬ್ಬರನ್ನೇ ಬೇಲಿಯುದ್ದಕ್ಕೂ ನಡೆಸಿದರು. ನೋಡುತ್ತಿದ್ದುದು ಮಾತ್ರ ಒಳಗಿನ ಕುರಿಗಳನ್ನು. ತಾರಾಬಾಯಿಗೆ ಸಿಟ್ಟು ಬಂತು.

"ಕಾಲ ನಂದ ಐತ್ರಿ ಅಣ್ಣಾ, ಕುರೀದಲ್ಲ. ಇಲ್ಲಿ ನೋಡ್ರಿ."

ಕುರಿಗಳೂ ಆಕೆಯನ್ನು ನೋಡಲಿಲ್ಲ, ಮೆಲುಕು ಹಾಕುತ್ತಿದ್ದವು. ಮೂವರೂ ನಡೆದರು, ಒಂದು ಕುರಿಯೂ ತಲೆ ಎತ್ತಲಿಲ್ಲ. ಪ್ರತಿ ಸಲವೂ ಮಾವ ಬೇಡವೆಂದು ಕೈಯಾಡಿಸಿದರು.

ಕೊನೆಗೆ ದಶರಥರನ್ನು ಮತ್ತೆ ಕರೆದು, ಬಲಗಾಲನ್ನು ಸ್ವಲ್ಪ ಎಳೆದು ನಡೆಯಲು ಹೇಳಿದರು.

"ಎಳದೆಳದ ಸಾಕಾಗಿ ಹೊಸಾದ ಹಾಕಿಸ್ಕೊಂಡೇನಿ. ಈಗ ಮತ್ತ ಎಳಿ ಅಂತೀರಲ್ರಿ."

ಆದರೂ ಚಹಾ ಕುಡಿದ ದಾಕ್ಷಿಣ್ಯಕ್ಕೆ ಎಳೆದರು. ಮಣ್ಣಿನಲ್ಲಿ ಚಪ್ಪಲಿ ಸರ್ ಎಂದಿತು. ನಲವತ್ತು ಕುರಿಗಳೂ ಒಟ್ಟಿಗೆ ಎದ್ದು ಬೇಲಿಗೆ ಬಂದು ನಿಂತವು. ದಶರಥ ಗಾಬರಿಯಾಗಿ ನೆಟ್ಟಗೆ ನಡೆದರು. ಕುರಿಗಳು ತಿರುಗಿ ಹೋದವು.

ಸುಂದ್ರವ್ವ ಸೆರಗು ಬಾಯಿಗೆ ಹಚ್ಚಿ ನಕ್ಕರು. ಮಾವ ನಗಲಿಲ್ಲ. ಬೇನೆ ಬಿದ್ದ ಮರಿಯ ತಲೆ ಸವರುವಂತೆ ತಮ್ಮ ಬಲಮೊಣಕಾಲು ಸವರುತ್ತ ಕೂತರು. ಲೋಟ ಎತ್ತಿಕೊಳ್ಳಲು ಬಂದ ನಾನು ಅಲ್ಲೇ ನಿಂತೆ. ಕೋಮಲ ಹೊರಸು ಹತ್ತಿ ಅವರ ಪಕ್ಕ ಕೂತು, ಕಡೆಗೂ ಕೇಳಿಯೇಬಿಟ್ಟಳು.

"ಅಜ್ಜಾ, ನೀ ಕುಂಟೂದ ಬಿಟ್ರ ಕುರಿ ನಿನ್ನ ಗುರತ ಹಿಡೀತಾವೇನ?"