ಏಳನೆಯ ಪಾಸ್

"ಎಡಗಡೆಯೋರು ಎತ್ತಿ ಹಿಡೀರೋ, ಅಲೋಯ್ಸ್ ಜಾರ್ತಾ ಇದಾನೆ," ಎಂದು ಹೆಂಡ್ರಿಕ್ ಹಲ್ಲು ಕಚ್ಚಿಕೊಂಡೇ ಹೇಳಿದ.

ಓಬರ್‌ಹಾಸೆಲ್ ಚರ್ಚಿನ ಮೆಟ್ಟಿಲುಗಳು ಕಡಿದು. ಶವಪೆಟ್ಟಿಗೆ ಹೊತ್ತ ಆರು ಜನರೂ ಊರಿನ ಫುಟ್‌ಬಾಲ್ ಸಂಘದ ಆಟಗಾರರು. ಹೆಂಡ್ರಿಕ್ ಅವರ ನಾಯಕ. ಮೈದಾನದಲ್ಲಿ ಚೆಂಡನ್ನು ಹೇಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಒಯ್ಯುತ್ತಿದ್ದರೋ ಪೆಟ್ಟಿಗೆಯನ್ನೂ ಹಾಗೆಯೇ ಎಳೆದಾಡುತ್ತಿದ್ದರು. ಹಿಂದೆ ಅತ್ತಿಗೆ ಮರ್ಲೀಸಳ ತೋಳು ಹಿಡಿದು ಇಳಿಯುತ್ತಿದ್ದ ರುಡಿ ಥೀಲೆನ್‌ಗೆ ನಗು ಬಂತು. ನುಂಗಿಕೊಂಡ. ಪೆಟ್ಟಿಗೆಯಲ್ಲಿ ಮಲಗಿದ್ದ ಅಲೋಯ್ಸ್ ಅವನ ಒಡಹುಟ್ಟಿದ ಅಣ್ಣ, ಹದಿನಾಲ್ಕು ವರ್ಷ ದೊಡ್ಡವನು. ಇಪ್ಪತ್ತೈದು ವರ್ಷಗಳಲ್ಲಿ ಇಬ್ಬರೂ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ.

"ಪೆಟ್ಟಿಗೆಗೆ ಆರು ಜನ ಸಾಕು," ಕೊನೆಯ ಮೆಟ್ಟಿಲಿಳಿದು ಹೆಂಡ್ರಿಕ್ ಉಸಿರು ಬಿಟ್ಟ. "ಆಟಕ್ಕೆ ಸಾಲಲ್ಲ."

ಅದೇ ಊರಿನ ತಲೆನೋವು. ಆ ಶನಿವಾರವೇ ಮಧ್ಯಾಹ್ನ ಮೂರೂವರೆಗೆ ಪಕ್ಕದ ನೀಡರ್‌ಹಾಸೆಲ್ ತಂಡದ ಜೊತೆ ಪಂದ್ಯವಿತ್ತು. ಕನಿಷ್ಠ ಏಳು ಜನ ಇಲ್ಲದೆ ರೆಫರಿ ಸೀಟಿ ಊದುವುದಿಲ್ಲ. ಒಬ್ಬನ ಕಾಲಿಗೆ ಪ್ಲಾಸ್ಟರು, ಇಬ್ಬರಿಗೆ ಕಾರ್ಖಾನೆಯಲ್ಲಿ ಪಾಳಿ, ಉಳಿದವರು ಊರು ಬಿಟ್ಟವರು. ಈ ಋತುವಿನಲ್ಲಿ ಆಗಲೇ ಎರಡು ಸಲ ಜನ ಸಾಲದೆ ತಂಡ ಮೈದಾನಕ್ಕೆ ಇಳಿದಿರಲಿಲ್ಲ. ಮೂರನೆಯ ಸಲ ತಪ್ಪಿದರೆ ಲೀಗಿನಿಂದ ಸಂಘದ ಹೆಸರನ್ನೇ ಹೊಡೆದುಹಾಕುತ್ತಾರೆ. ಇಳಿದ ಮೇಲೆ ಆಳು ಕಡಿಮೆಯಾಗಿ ಆಟ ನಡುವೆ ನಿಂತರೂ ಅದೇ ಗತಿ. ಸಾವಾಗಿದೆ ಎಂದು ಪಂದ್ಯ ಮುಂದೂಡಬಹುದಿತ್ತು, ಎದುರಾಳಿ ಒಪ್ಪಿದ್ದರೆ. ನೀಡರ್‌ಹಾಸೆಲ್ ಒಪ್ಪಿರಲಿಲ್ಲ.

ಸ್ಮಶಾನಕ್ಕೂ ಮೈದಾನಕ್ಕೂ ನಡುವೆ ಒಂದೇ ಗೋಡೆ. ಗೋಲಿನ ಮೇಲಿಂದ ಹಾರಿದ ಚೆಂಡು ಸತ್ತವರ ನಡುವೆ ಬೀಳುತ್ತದೆ. ಅಲೋಯ್ಸ್ ಗೋಡೆಯ ಪಕ್ಕದ ಜಾಗವನ್ನೇ ಕೇಳಿ ಹಿಡಿದಿಟ್ಟುಕೊಂಡಿದ್ದ. ಅವನು ಸಂಘದ ಕಾರ್ಯದರ್ಶಿ, ಪ್ರತಿ ಪಂದ್ಯಕ್ಕೂ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು, ಆಟಗಾರರ ಫೋಟೋ ಅಂಟಿಸಿದ ಗುರುತಿನ ಪಾಸುಗಳನ್ನು ತಗಡಿನ ಡಬ್ಬಿಯಲ್ಲಿ ಕಾಯುವವನು. ನಲವತ್ತು ವರ್ಷ ಇಷ್ಟೇ ಅವನ ಬದುಕು. ಹೊಟ್ಟೆಪಾಡಿಗೆ ಮರ ಕೊಯ್ಯುವ ಮಿಲ್ಲಿಗೆ ಹೋಗುತ್ತಿದ್ದ, ಅಷ್ಟೆ.

"ಅವನಿಗೆ ಕೊನೇ ಸ್ನಾನ ಮಾಡಿಸೋಕೆ ಬಂದೋನು ಮಂಡಿ ಉಜ್ಜಿ ಉಜ್ಜಿ ಸೋತ," ಮರ್ಲೀಸ್ ರುಡಿಯ ಕಿವಿಯಲ್ಲಿ ಹೇಳಿದಳು. "ಚರ್ಮದೊಳಗೆ ಬೂದಿ ಕೂತ್ಬಿಟ್ಟಿದೆ ಮೇಡಂ, ಕೆಂಪು ಹೋಗ್ತಾನೇ ಇಲ್ಲ ಅಂದ. ಬಿಡಪ್ಪಾ, ಅದು ಹುಟ್ಟುಗುಣ ಅಂದೆ."

ಓಬರ್‌ಹಾಸೆಲ್ ಮೈದಾನದಲ್ಲಿ ಹುಲ್ಲಿಲ್ಲ. ಬೆಟ್ಟದ ಸುಟ್ಟ ಕೆಂಪು ಕಲ್ಲನ್ನು ಪುಡಿಮಾಡಿ ಹಾಸಿದ್ದಾರೆ. ಎಲ್ಲರೂ ಅದನ್ನು ಬೂದಿ ಎನ್ನುತ್ತಾರೆ. ಅದರ ಮೇಲೆ ಜಾರಿ ಬಿದ್ದವನ ಮಂಡಿಯಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ಆ ಕಣಿವೆಯಲ್ಲಿ ಗಂಡಸಿನ ಊರು ಯಾವುದೆಂದು ತಿಳಿಯಲು ಪ್ಯಾಂಟು ಮೇಲೆತ್ತಿಸಿದರೆ ಸಾಕು.

ಒಬ್ಬೊಬ್ಬರೇ ಬಂದು ಒಂದು ಕರಣೆ ಮಣ್ಣು ಹಾಕಿದರು. ನೀಡರ್‌ಹಾಸೆಲ್ ಸಂಘದ ಅಧ್ಯಕ್ಷ ಓಟ್‌ಮಾರ್ ಕ್ನೊಪ್ ದೊಡ್ಡ ಹೂಚಕ್ರ ತಂದಿದ್ದ. ಅದರ ನೀಲಿ-ಬಿಳಿ ರಿಬ್ಬನ್ನಿನ ಮೇಲೆ ಅವನ ಸಂಘದ ಹೆಸರು ಸತ್ತವನ ಹೆಸರಿಗಿಂತ ದಪ್ಪಕ್ಕಿತ್ತು. ರುಡಿಯ ಸರದಿ ಬಂತು. ಕರಣೆ ಕೈಗೆ ತೆಗೆದುಕೊಂಡ, ಗುಂಡಿಯೊಳಗೆ ನೋಡಿದ, ಕರಣೆಯನ್ನು ಮಣ್ಣಿಗೆ ಚುಚ್ಚಿ ಬರಿಗೈಯಲ್ಲಿ ಪಕ್ಕಕ್ಕೆ ಸರಿದ. ಅಲ್ಲಿದ್ದವರೆಲ್ಲ ನೋಡಿದರು.

*

1983ರ ಜೂನ್. ರುಡಿಗೆ ಇಪ್ಪತ್ತೈದು. ಎಡ ಅಂಚಿನಲ್ಲಿ ಅವನ ಓಟ ನೋಡಲು ನೀಡರ್‌ಹಾಸೆಲ್‌ನವರು ಮೂರು ಭಾನುವಾರ ಬಂದರು. ಆಗ ಅವರ ತಂಡ, ಈಗಿನ ಹಾಗಲ್ಲ, ಮೂರು ದರ್ಜೆ ಮೇಲೆ ಆಡುತ್ತಿತ್ತು. ಓಬರ್‌ಹಾಸೆಲ್ ಇದ್ದುದು ತೀರ ಕೆಳಗಿನ ದರ್ಜೆಯಲ್ಲಿ. ಅದು ಮೇಲೆ ಏರಿದ್ದೂ ಇಲ್ಲ, ಕೆಳಗೆ ಇಳಿಯೋಣವೆಂದರೆ ಕೆಳಗೆ ಏನೂ ಇಲ್ಲ. ರುಡಿ ಹೋಗಬೇಕಾದರೆ ಬಿಡುಗಡೆ ಪತ್ರಕ್ಕೆ ಸಂಘದ ಕಾರ್ಯದರ್ಶಿ ಸಹಿ ಹಾಕಬೇಕು. ಕಾರ್ಯದರ್ಶಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ.

"ಹಾಕಲ್ಲ," ಅಂದ ಅಲೋಯ್ಸ್.

"ಯಾಕೆ?"

"ನೀನು ಹೋದ್ರೆ ನಮಗೆ ಹನ್ನೊಂದು ಆಗಲ್ಲ."

"ಅದು ನನ್ನ ತಲೆನೋವಾ?"

"ಅಲ್ಲ, ನನ್ನದು. ಅದಕ್ಕೇ ಹಾಕಲ್ಲ."

ಸಹಿಯಿಲ್ಲದೆ ಹೋಗುವವನು ಆರು ತಿಂಗಳು ಕಾಯಬೇಕು. ಆರು ತಿಂಗಳಲ್ಲಿ ನೀಡರ್‌ಹಾಸೆಲ್‌ಗೆ ಎಡ ಅಂಚಿಗೆ ಬೇರೆ ಹುಡುಗ ಸಿಗುತ್ತಾನೆಂದು ಇಬ್ಬರಿಗೂ ಗೊತ್ತಿತ್ತು. ಸಿಕ್ಕಿದ ಕೂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು. ರುಡಿ ಆಟದ ಬೂಟುಗಳನ್ನು ತಂದು ಅಣ್ಣನ ಕಣ್ಣೆದುರೇ ಒಲೆಗೆ ತುರುಕಿದ.

"ಅವರಿಗೂ ಆಡಲ್ಲ, ನಿನಗೂ ಆಡಲ್ಲ. ಸಾಯೋ ತನಕ ಇನ್ನು ಚೆಂಡು ಮುಟ್ಟಲ್ಲ."

ರಬ್ಬರಿನ ನಾತಕ್ಕೆ ಮರ್ಲೀಸ್ ಕಿಟಕಿಗಳನ್ನೆಲ್ಲ ತೆರೆದಳು. ಅಲೋಯ್ಸ್ ಆಲೂಗಡ್ಡೆ ಸುಲಿಯುತ್ತಲೇ ಇದ್ದ. ಆಮೇಲೆ ರುಡಿ ಡೇರಿಯ ಹಾಲಿನ ಲಾರಿ ಓಡಿಸಿಕೊಂಡು ಕಣಿವೆಯ ಇನ್ನೊಂದು ತುದಿಯಲ್ಲಿ ಮನೆ ಮಾಡಿದ. ಮೈದಾನದ ಪಕ್ಕದ ರಸ್ತೆ ತಪ್ಪಿಸಲು ದಿನಾ ನಾಲ್ಕು ಕಿಲೋಮೀಟರು ಸುತ್ತು ಹಾಕುತ್ತಿದ್ದ.

*

ಮಣ್ಣು ಮುಗಿಸಿ ಎಲ್ಲರೂ ಊರಿನ ಹೋಟೆಲಿಗೆ ಬಂದರು. ಕಾಫಿ, ಸಕ್ಕರೆ ಹುಡಿಯ ಕೇಕು, ಹ್ಯಾಮ್ ಇಟ್ಟ ಬ್ರೆಡ್ಡು. ಗೋಡೆಯ ಮೇಲೆ ಲೀಗಿನ ಮರದ ಹಲಗೆ. ಹದಿನಾಲ್ಕು ಕೊಕ್ಕೆ, ಹದಿನಾಲ್ಕು ಊರುಗಳ ಹೆಸರಿನ ಪಟ್ಟಿ. ಯುದ್ಧ ಮುಗಿದು, ಹೊಟ್ಟೆಗೆ ಸರಿಯಾಗಿ ಬೀಳುವ ಮೊದಲೇ ಹದಿನಾಲ್ಕು ಊರಿನವರು ಕೂಡಿ ಕಟ್ಟಿದ ಲೀಗು ಅದು. ಪ್ರತಿ ಭಾನುವಾರ ಸಂಜೆ ಅಲೋಯ್ಸ್ ಬಂದು ಅಂಕ ನೋಡಿ ಪಟ್ಟಿಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದ. ಗಣಿ ಮುಚ್ಚಿತು, ಶಾಲೆ ಮುಚ್ಚಿತು, ಜನ ಪಟ್ಟಣಕ್ಕೆ ಹೋದರು. ಒಂದೊಂದೇ ಸಂಘ ಪಕ್ಕದ ಊರಿನದರಲ್ಲಿ ಸೇರಿ ಹೆಸರು ಕಳೆದುಕೊಂಡಿತು. ಹಾಗೆ ಹೋದವರ ಪಟ್ಟಿಯನ್ನು ಅಲೋಯ್ಸ್ ತೆಗೆದುಹಾಕಲಿಲ್ಲ, ಮುಖವನ್ನು ಗೋಡೆಗೆ ತಿರುಗಿಸಿ ಅಲ್ಲೇ ನೇತುಹಾಕಿದ. ಈಗ ಐದು ಪಟ್ಟಿಗಳು ಗೋಡೆ ನೋಡುತ್ತಿವೆ.

ಓಟ್‌ಮಾರ್ ಕೇಕಿನ ತಟ್ಟೆ ಹಿಡಿದು ಹಲಗೆಯ ಮುಂದೆ ನಿಂತ.

"ನಾಳೆ ಆರನೇದೂ ತಿರುಗುತ್ತೆ," ಅಂದ. "ತಿರುಗಿಸೋಕೆ ಈಗ ಅಲೋಯ್ಸೂ ಇಲ್ಲ. ನೋಡ್ರಪ್ಪಾ, ನಾನು ಕೆಟ್ಟದ್ದಕ್ಕೆ ಹೇಳ್ತಿಲ್ಲ. ಅವನ ಜೊತೆ ಸಂಘಾನೂ ಮರ್ಯಾದೆಯಾಗಿ ಮಲಗ್ಲಿ. ನೀವು ಆರು ಜನ ನಮ್ಮಲ್ಲಿಗೆ ಬನ್ನಿ. ನಮ್ಮ ಮೈದಾನದಲ್ಲಿ ಹುಲ್ಲಿದೆ."

"ಹುಲ್ಲು ನೀವೇ ತಿನ್ನಿ," ಅಂದ ಹೆಂಡ್ರಿಕ್. ಆದರೆ ದನಿಯಲ್ಲಿ ಕಸುವಿರಲಿಲ್ಲ. ಅವನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ.

"ಏನಯ್ಯ ರುಡಿ," ಓಟ್‌ಮಾರ್ ಇತ್ತ ತಿರುಗಿದ. "ನಿನಗಂತೂ ಖುಷಿಯಾಗ್ಬೇಕು. ನಿನ್ನ ಕಾಲು ಮುರಿದ ಸಂಘ ಇದು. ಮಣ್ಣು ಕೂಡ ಹಾಕ್ಲಿಲ್ಲ ನೀನು, ನಾನು ನೋಡ್ದೆ."

ರುಡಿ ಕಾಫಿ ಕಲಕಿದ. ಖುಷಿಯಾಗಬೇಕಿತ್ತು ನಿಜ. ಇಪ್ಪತ್ತೈದು ವರ್ಷ ಕಾದ ದಿನ ಇದು. ಆದರೆ ಎದೆಯೊಳಗೆ ಹುಡುಕಿದರೆ ಖುಷಿ ಎಲ್ಲೂ ಸಿಗಲಿಲ್ಲ, ಓಟ್‌ಮಾರನ ಮೇಲೆ ಸಿಟ್ಟು ಮಾತ್ರ ಸಿಕ್ಕಿತು. ತನ್ನ ಜಗಳಕ್ಕೆ ಈ ಮನುಷ್ಯ ಯಾವಾಗ ವಾರಸುದಾರನಾದ?

ಆಗ ಮರ್ಲೀಸ್ ಮನೆಗೆ ಹೋದವಳು ತಿರುಗಿ ಬಂದಳು. ಕಂಕುಳಲ್ಲಿ ತಗಡಿನ ಡಬ್ಬಿ. ಕೇಕಿನ ತಟ್ಟೆಗಳನ್ನು ಸರಿಸಿ ಅದನ್ನು ಮೇಜಿನ ಮೇಲಿಟ್ಟು ಆಡುವವರ ಪಾಸುಗಳನ್ನು ಎಣಿಸಿದಳು. ಆರು. ಆಮೇಲೆ ಡಬ್ಬಿಯಲ್ಲಿ ಎಲ್ಲಕ್ಕಿಂತ ಮುಂದೆ ಇದ್ದ ಒಂದನ್ನು ತೆಗೆದು ರುಡಿಯ ಕಾಫಿ ಕಪ್ಪಿನ ಪಕ್ಕ ಇಟ್ಟಳು.

"ಏಳು," ಅಂದಳು.

ರುಡಿ ತೆರೆದು ನೋಡಿದ. ಥೀಲೆನ್, ರುಡಾಲ್ಫ್. ಆದರೆ ಫೋಟೋದಲ್ಲಿ ಇಪ್ಪತ್ತೈದರ ಹುಡುಗ ಇರಲಿಲ್ಲ. ಬೋಳುತಲೆಯ ಒಬ್ಬ ಗಂಡಸು, ಒಂದು ಕೆನ್ನೆ ಉಬ್ಬಿದೆ, ಬಾಯಿತುಂಬ ಕೇಕು. ಕಳೆದ ವರ್ಷ ಮರ್ಲೀಸಳ ಅರವತ್ತನೆಯ ಹುಟ್ಟುಹಬ್ಬದ್ದು. ಅಂದು ರುಡಿ ಅಣ್ಣನ ಕಡೆ ಬೆನ್ನು ತಿರುಗಿಸಿ ಕೂತು ತಿಂದಿದ್ದ.

"ಹಳೇ ಫೋಟೋ ಇದ್ರೆ ರೆಫರಿ ತಕರಾರು ತೆಗೀತಾನೆ ಅಂತಿದ್ದ ನಿಮ್ಮಣ್ಣ," ಮರ್ಲೀಸ್ ಹೇಳಿದಳು. "ನಾಲ್ಕು ಸಲ ಬದಲಾಯಿಸ್ದ. ಮನೇಲಿ ಯಾರದ್ದೇ ಮದುವೆ, ಹುಟ್ಟುಹಬ್ಬ ಆಗ್ಲಿ, ಕತ್ತರಿ ಹಿಡ್ಕೊಂಡು ಕೂರ್ತಿದ್ದ. ಪ್ರತಿ ವರ್ಷ ಸದಸ್ಯರ ಪಟ್ಟಿಲಿ ನಿನ್ನ ಹೆಸರೇ ಮೊದಲು ಬರೀತಿದ್ದ."

"ನನ್ನನ್ನ ಒಂದು ಮಾತು ಕೇಳಿದ್ನಾ?"

"ಕೇಳಿದ್ರೆ ನೀನು ಏನಂತಿದ್ದೆ?"

ರುಡಿ ಪಾಸನ್ನು ಮಡಿಚಿ ಮತ್ತೆ ತೆರೆದ.

"ಇವನಿಗೆ ಐವತ್ತು," ಓಟ್‌ಮಾರ್ ನಕ್ಕ. "ಇನ್ನೊಂದು ಪೆಟ್ಟಿಗೆ ಹೇಳ್ಬೇಕಾಗುತ್ತೆ."

"ಹೂಚಕ್ರ ನೀನೇ ತರ್ತೀಯಲ್ಲ," ಅಂದ ರುಡಿ. ಎದ್ದು ನಿಂತು ಕಪ್ಪು ಟೈ ಸಡಿಲಿಸಿದ. "ಮರ್ಲೀಸ್, ನನ್ನ ಹತ್ರ ಬೂಟಿಲ್ಲ."

"ನೀನೇ ಸುಟ್ಟೆ. ಅವನದ್ದಿದೆ, ಎರಡು ಸೈಜು ದೊಡ್ಡದು. ಪೇಪರ್ ತುರುಕಿ ಕೊಡ್ತೀನಿ."

*

ಗೆರೆ ಎಳೆಯುವವನು ಗೋಡೆಯಾಚೆ ಮಲಗಿದ್ದ. ಸುಣ್ಣದ ಗಾಡಿಯನ್ನು ಮರ್ಲೀಸಳೇ ತಳ್ಳಿದಳು, ಸಾವಿನ ಕಪ್ಪು ಕೋಟಿನಲ್ಲಿ. ಗೆರೆಗಳು ಹಾವಿನಂತೆ ಹರಿದವು. ರೆಫರಿ ಮೂಗು ಮುರಿದ, ಆದರೆ ಗೆರೆ ಸೊಟ್ಟಗಿರಬಾರದೆಂಬ ನಿಯಮ ಅವನ ಪುಸ್ತಕದಲ್ಲಿ ಸಿಗಲಿಲ್ಲ. ಆಮೇಲೆ ಪಾಸುಗಳನ್ನು ಹಿಡಿದು ಒಬ್ಬೊಬ್ಬರ ಮುಖ ನೋಡುತ್ತ ಬಂದು ರುಡಿಯ ಮುಂದೆ ನಿಂತ.

"ಇದು ನೀವೇನಾ?"

"ಕೇಕ್ ತಂದ್ಕೊಡಿ, ತೋರಿಸ್ತೀನಿ."

ರೆಫರಿ ಸೀಟಿ ಊದಿದ.

ಏಳು ಜನರ ಎದುರು ಹನ್ನೊಂದು ಜನ. ಹತ್ತು ನಿಮಿಷದಲ್ಲಿ ಮೂರು ಗೋಲು, ಅರ್ಧ ಆಟಕ್ಕೆ ಏಳು. ಓಬರ್‌ಹಾಸೆಲ್‌ನವರು ಗೆಲ್ಲಲು ಆಡುತ್ತಿರಲಿಲ್ಲ, ಹೊತ್ತು ಕಳೆಯಲು ಆಡುತ್ತಿದ್ದರು. ಸಾವಿಗೆ ಬಂದವರು ಯಾರೂ ಮನೆಗೆ ಹೋಗಿರಲಿಲ್ಲ. ಕಪ್ಪು ಬಟ್ಟೆಯಲ್ಲೇ ಕಟಕಟೆಗೆ ಒರಗಿ, ಚೆಂಡು ಗೋಡೆ ದಾಟಿದಾಗಲೆಲ್ಲ, "ನಿಧಾನ, ನಿಧಾನ, ಅಲೋಯ್ಸ್ ಕೊಡ್ತಾನೆ," ಎಂದು ಕೂಗುತ್ತಿದ್ದರು. ಸಂಘ ಸತ್ತ ಊರುಗಳ ಮುದುಕರೂ ಬಂದಿದ್ದರು. ಅವರ ಹೆಸರಿನ ಪಟ್ಟಿ ಗೋಡೆ ನೋಡುತ್ತಿದ್ದರೂ ಗಂಟಲು ಗಟ್ಟಿಯಾಗಿಯೇ ಇತ್ತು.

ರುಡಿಗೆ ಉಸಿರೇ ಇರಲಿಲ್ಲ. ಅಣ್ಣನ ಬೂಟು ಕಾಲಿಂದ ಒಂದು ಹೆಜ್ಜೆ ಹಿಂದೆ ಬರುತ್ತಿತ್ತು. ಅರವತ್ತೆಂಟನೆಯ ನಿಮಿಷದಲ್ಲಿ ನೀಡರ್‌ಹಾಸೆಲ್‌ನ ಎಳೆಯ ಹುಡುಗನೊಬ್ಬ ಎಡ ಅಂಚಿನಲ್ಲಿ ಓಡಿ ಬಂದ. ಆ ಓಟ ರುಡಿಗೆ ಗೊತ್ತಿದ್ದ ಓಟ, ಒಂದು ಕಾಲದಲ್ಲಿ ತನ್ನದೇ. ಅಡ್ಡ ಜಾರಿ ಚೆಂಡನ್ನು ಹೊರಗೆ ತಳ್ಳಿದ. ಏಳಲು ಹೋದಾಗ ಬಲ ಮಂಡಿಯ ಚರ್ಮ ಬೂದಿಯ ಮೇಲೆಯೇ ಉಳಿದಿತ್ತು.

"ಹೊರಗೆ ಹೋಗ್ತೀರಾ?" ರೆಫರಿ ಕೇಳಿದ. "ಹೋದ್ರೆ ಆರೇ ಜನ. ಆಟ ನಿಲ್ಲಿಸ್ಬೇಕಾಗುತ್ತೆ."

ಅಂಚಿನಿಂದ ಓಟ್‌ಮಾರ್ ಕೂಗಿದ, "ರಕ್ತ ಸುರೀತಿದೆ, ಸಾಕು ಮಾಡಯ್ಯ. ಯಾರಿಗೋಸ್ಕರ ಈ ಹಟ? ನಿನ್ನನ್ನ ಕಟ್ಟಿಹಾಕಿದೋನಿಗೋಸ್ಕರಾನಾ?"

ರುಡಿ ನೆಲಕ್ಕೆ ಕೈಯೂರಿ ಎದ್ದ.

"ಅವನೂ ನಾನೂ ಆಮೇಲೆ ನೋಡ್ಕೋತೀವಿ," ಅಂದ. "ನೀನು ಮಧ್ಯೆ ಬರಬೇಡ."

ಆಮೇಲಿನ ಇಪ್ಪತ್ತೆರಡು ನಿಮಿಷ ಅವನು ಓಡಲಿಲ್ಲ. ಸೊಟ್ಟ ಗೆರೆಯ ಮೇಲೆ ಗೂಟದ ಹಾಗೆ ನಿಂತ. ಚೆಂಡು ಸುತ್ತ ಹೋಯಿತು, ಕಾಲ ಸಂದಿಯಲ್ಲಿ ಹೋಯಿತು, ಒಂದು ಸಲ ಹೊಟ್ಟೆಗೇ ಬಡಿಯಿತು. ನಿಂತೇ ಇದ್ದ. ಕೊನೆಯ ಸೀಟಿ ಬಿದ್ದಾಗ ಸೊನ್ನೆಗೆ ಹದಿನಾರು. ಹೆಂಡ್ರಿಕ್ ಮೊಣಕಾಲೂರಿ ಕೂತು ಅತ್ತ. ಕಟಕಟೆಯ ಬಳಿ ಜನ ಟೋಪಿ ಹಾರಿಸಿದರು. ಓಟ್‌ಮಾರನ ತಂಡ ಹದಿನಾರು ಗೋಲು ಹೊಡೆದೂ ತಲೆ ತಗ್ಗಿಸಿ ಬಸ್ಸು ಹತ್ತಿತು.

ಬಟ್ಟೆ ಬದಲಾಯಿಸುವ ಕೋಣೆಗೆ ಮರ್ಲೀಸ್ ಬಿಸಿನೀರು, ಬ್ರಷ್ಷು ಹಿಡಿದು ಬಂದಳು. ಅವಳ ಕಪ್ಪು ಕೋಟಿನ ತುಂಬ ಸುಣ್ಣ.

"ಕಾಲು ಚಾಚು. ಈಗ್ಲೇ ಉಜ್ಜದಿದ್ರೆ ಬೂದಿ ಒಳಗೇ ಉಳಿಯುತ್ತೆ."

"ಇರ್ಲಿ, ಬಿಡು," ಅಂದ ರುಡಿ.

ಅವಳು ಅವನ ಮುಖ ನೋಡಿದಳು. ಬ್ರಷ್ಷನ್ನು ನೀರಿನಲ್ಲೇ ಬಿಟ್ಟಳು.

ಅವನು ಕುಂಟುತ್ತ ಗೋಡೆ ಸುತ್ತಿಕೊಂಡು ಸ್ಮಶಾನಕ್ಕೆ ಹೋದ. ಗುಂಡಿ ಮುಚ್ಚಿದ್ದರು, ಹೂಚಕ್ರಗಳನ್ನು ಒರಗಿಸಿದ್ದರು. ಎಲ್ಲಕ್ಕಿಂತ ಮುಂದೆ ಓಟ್‌ಮಾರ್ ತಂದದ್ದು, ಅದರ ರಿಬ್ಬನ್ನು ಹೊಸ ಮಣ್ಣಿನ ಮೇಲೆ ಹಾಸಿತ್ತು. ರುಡಿ ಅಂಚಿನ ಕಲ್ಲಿನ ಮೇಲೆ ಕೂತು ಅಣ್ಣನ ಬಲಗಾಲಿನ ಬೂಟು ಕಳಚಿದ, ಒದ್ದೆಯಾದ ಪೇಪರ್ ಉಂಡೆಯನ್ನು ಎಳೆದು ತೆಗೆದ. ಬೂಟನ್ನು ತಲೆಕೆಳಗು ಮಾಡಿ ಹಿಮ್ಮಡಿಗೆ ಎರಡು ಸಲ ತಟ್ಟಿದ. ಕೆಂಪು ಬೂದಿ ಬಿತ್ತು, ಒಂದು ಕರಣೆಯಷ್ಟು. ನೀಲಿ-ಬಿಳಿ ರಿಬ್ಬನ್ನಿನ ಮೇಲಿದ್ದ ನೀಡರ್‌ಹಾಸೆಲ್ ಎಂಬ ದಪ್ಪ ಅಕ್ಷರಗಳು ಅದರಡಿ ಮುಚ್ಚಿಹೋದವು.

ಅವನು ಎಡಗಾಲಿನ ಬೂಟಿನ ದಾರ ಬಿಚ್ಚತೊಡಗಿದ.