ತಟ್ಟೆ ಹಿಡಿದ ಡ್ರೈವರ್

ವ್ಯಾನಿನ ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಸುಗುಣಾ ಮತ್ತೆ ಕೆಳಗಿಳಿಸಿದಳು. ಒಳಗೆ ಗಂಡ ಜಯಪ್ರಕಾಶನನ್ನು ಆಗಲೇ ಮಲಗಿಸಿಯಾಗಿತ್ತು. ನಿನ್ನೆ ಬೆಳಿಗ್ಗೆ ಹೋಟೆಲಿಗೆ ಹೊರಡಲೆಂದು ಅಂಗಿ ಹಾಕಿಕೊಳ್ಳುತ್ತಿದ್ದವನು ಮಂಚದ ಮೇಲೆ ಕುಳಿತ, ಏಳಲಿಲ್ಲ. ಹೃದಯವಂತೆ. ಅವಳಿಗೆ ಇನ್ನೂ ಅಳು ಬಂದಿಲ್ಲ. ಹಸಿವು, ನಿದ್ದೆ, ಯಾವುದೂ ಬಂದಿಲ್ಲ.

"ಅತ್ತಿಗೆ, ನೀವು ಬರುದು ಬೇಡ," ಎಂದ ಮೈದುನ ಬಾಬು. "ಹೆಂಗಸರು ಸ್ಮಶಾನಕ್ಕೆ ಬರುವ ಕ್ರಮ ನಮ್ಮಲ್ಲಿ ಎಲ್ಲಿ ಉಂಟು? ಅದೂ ಅಲ್ಲದೆ ನೀವು ಆಟೋ ಹತ್ತದೆ ವರ್ಷ ಆಯ್ತು. ಸುಮ್ನೆ ಎಂಥಕ್ಕೆ?"

ಚೆನ್ನೈಯಲ್ಲೇ ಬೆಳೆದ ಮಗಳು ಅನ್ವಿತಾ ತಾಯಿಯ ಮೊಣಕೈ ಹಿಡಿದಳು. "ವೇಂಡಾಮ್ಮಾ, ಬೇಡ. ವ್ಯಾನ್ ಅದೇ ಬ್ರಿಡ್ಜ್ ಮೇಲೆ ಪೋಗುಂ. ಪ್ಲೀಸ್."

"ನನ್ನನ್ನು ಒಬ್ಬಳನ್ನೇ ರಸ್ತೆಗೆ ಕಳಿಸಿದವರಲ್ಲ ಅವರು," ಎಂದಳು ಸುಗುಣಾ. "ಈಗ ಅವರೊಬ್ಬರನ್ನೇ ನಾನು ಕಳಿಸುದಾ?"

ಮಾತೇನೋ ಗಟ್ಟಿಯಾಗಿ ಬಂತು. ಕಾಲು ಮಾತ್ರ ನೆಲ ಬಿಡಲಿಲ್ಲ.

*

ವರ್ಷದ ಹಿಂದೆ ಕೋಡಂಬಾಕ್ಕಂ ಸೇತುವೆಯ ಮೇಲೆ, ನೀರಿನ ಲಾರಿಯ ಹಿಂದೆ ಅವರ ಬೈಕು ಜಾರಿತ್ತು. ಅವನ ಮಂಡಿ, ಅವಳ ಭುಜದ ಮೂಳೆ ಹೇಗೋ ಕೂಡಿಕೊಂಡವು. ಆದರೆ ಆಮೇಲೆ ಯಾವ ಗಾಡಿಗೆ ಕಾಲಿಟ್ಟರೂ ಸುಗುಣಾಳ ಕಣ್ಣೆದುರು ಆ ಲಾರಿಯ ಚಕ್ರ ಬಂದು ನಿಲ್ಲುತ್ತಿತ್ತು.

ಟಿ. ನಗರದಲ್ಲಿ ಡಾಕ್ಟರ್ ನೀರಜಾ ಇಂಥವರದೇ ಒಂದು ಗುಂಪು ನಡೆಸುತ್ತಿದ್ದರು. ಅಪಘಾತದಲ್ಲಿ ಬೆದರಿದವರು ಒಟ್ಟಿಗೆ ಕೂತು ಮಾತಾಡುವುದು, ಒಟ್ಟಿಗೆ ಹೆದರಿಕೆ ಬಿಡುವುದು. ಶನಿವಾರ ಶನಿವಾರ ಗಂಡ ಹೆಂಡತಿ ಅಲ್ಲಿಗೆ ನಡೆದೇ ಹೋಗುತ್ತಿದ್ದರು, ಅವನು ಕುಂಟುತ್ತ, ಕೈಯಲ್ಲಿ ಕಾಫಿ ಫ್ಲಾಸ್ಕು, ಲೋಟ, ತಟ್ಟೆ. ಹೋಟೆಲಿನವನಲ್ಲವೇ, ಎಲ್ಲಿಗಾದರೂ ಬರಿಗೈಯಲ್ಲಿ ಹೋದರೆ ತಿಂದ ಅನ್ನ ಕರಗದು.

ಒಂದು ದಿನ ನೀರಜಾ ಕುರ್ಚಿಗಳನ್ನು ಬಸ್ಸಿನ ಹಾಗೆ ಸಾಲಾಗಿ ಇಡಿಸಿದರು. "ಡ್ರೈವರ್ ಯಾರು?" ಎಂದರು. ಯಾರೂ ಏಳಲಿಲ್ಲ. ಜಯಪ್ರಕಾಶ ಲೋಟಗಳನ್ನು ಕೆಳಗಿಟ್ಟು, ತಟ್ಟೆಯನ್ನೇ ಸ್ಟಿಯರಿಂಗಿನಂತೆ ಹಿಡಿದು ಮುಂದಿನ ಕುರ್ಚಿಯಲ್ಲಿ ಕೂತ. ಹೊರಡಲು ಹಿಂದೆ ಕೂತಿದ್ದ ಹೆಂಡತಿಯ ಅಪ್ಪಣೆ ಕೇಳಿದ:

"ಹೋಗುವನಾ?"

"ನೀವೇ ಹೊರಡಿಸಿ," ಎಂದರು ನೀರಜಾ.

"ಇವಳು ಹೇಳದೆ ಬಸ್ಸು ಬಿಡ್ಲಿಕ್ಕಿಲ್ಲ ಡಾಕ್ಟ್ರೇ. ಮನೆಯಲ್ಲೂ ಹಾಗೇ ಅಲ್ವಾ?"

ಗುಂಪೆಲ್ಲ ನಕ್ಕಿತು. ಸುಗುಣಾ ಬಹಳ ಹೊತ್ತಿನ ಮೇಲೆ "ಹೋಗುವ" ಎಂದಳು. ಬಸ್ಸು ಹೊರಟಿತು. ಅವನು ಸಿಗ್ನಲ್ ಕೂಗಿದ, ಸ್ಟಾಪುಗಳನ್ನು ಕೂಗಿದ. ಸೇತುವೆ ಬಂತು ಎಂದಾಗ ಮಾತ್ರ ಅವನ ದನಿ ನಿಂತಿತು. ಹಿಂದಿನಿಂದ ಅವಳು ನೋಡಿದಳು. ಅವನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ಹುಡುಕಿ ಒತ್ತುತ್ತಿತ್ತು.

ಅವನಿಗೂ ಹೆದರಿಕೆಯೇ. ಅದಕ್ಕೇ ಕೇಳಿ ಹೊರಡುವುದು. ಪ್ರತಿ ಶನಿವಾರ ಅವನು ಕೇಳಿದ, ಅವಳು ಹೇಳಿದಳು. ಕಾಲಿನ ವಿಷಯ ಇಬ್ಬರೂ ಎತ್ತಲಿಲ್ಲ.

*

"ಅಮ್ಮಾ," ಎಂದು ವ್ಯಾನಿನ ಪಕ್ಕದಿಂದ ಯಾರೋ ಕರೆದರು. ಗುಂಪಿನ ವಿಘ್ನೇಶ್. ಊರುಗೋಲಿನ ಮೇಲೆ ನಿಂತು, ಪೇಪರಿನಲ್ಲಿ ಸುತ್ತಿದ್ದನ್ನು ಕೊಟ್ಟ. "ಅಣ್ಣಂದು. ನಾವು ಕೂರುವ ರೂಮಿನಲ್ಲೇ ಬಿಟ್ಟಿದ್ರು," ಎಂದ ತಮಿಳಿನಲ್ಲಿ.

ಪೇಪರ್ ಬಿಡಿಸಿದರೆ ಅದೇ ತಟ್ಟೆ. ಕಾಫಿ ಲೋಟದ ದುಂಡು ಕಲೆ ಇನ್ನೂ ಹೋಗಿರಲಿಲ್ಲ.

"ಇದೆಂಥ ಈಗ, ತಟ್ಟೆ?" ಎಂದ ಬಾಬು. ಸುಗುಣಾ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಒಂದು ಕಾಲಿಟ್ಟಳು, ಇನ್ನೊಂದನ್ನೂ ಎತ್ತಿದಳು, ಒಳಗೆ ಹೆಣದ ಪಕ್ಕದ ಬೆಂಚಿನಲ್ಲಿ ಕುಸಿದಳು. ಅನ್ವಿತಾ ಹಿಂದೆಯೇ ಹತ್ತಿದಳು. ಬಾಬುವೂ ಹತ್ತಿ ಕೂತ.

"ಪೋಲಾಮಾ?" ಎಂದು ಡ್ರೈವರ್ ಮುಂದಿನಿಂದ ಕೇಳಿದ, ಹೊರಡೋಣವೇ ಎಂದು.

"ಇರಪ್ಪಾ, ಅಮ್ಮ ಹೇಳ್ಲಿ," ಎಂದ ವಿಘ್ನೇಶ್ ಕೆಳಗಿನಿಂದ.

ಎಲ್ಲರೂ ಕಾದರು. ಸುಗುಣಾಳೂ ಕಾದಳು, ಎಂದಿನಂತೆ, ಅವನು ಕೇಳಲಿ ಎಂದು. ಅವನ ಕಾಲಿನ ಎರಡೂ ಹೆಬ್ಬೆರಳನ್ನು ಸೇರಿಸಿ ದಾರದಿಂದ ಕಟ್ಟಿದ್ದರು. ಬ್ರೇಕು ಹುಡುಕುತ್ತಿದ್ದ ಬಲಗಾಲು ಎಡಗಾಲಿಗೆ ಒರಗಿ ಸುಮ್ಮನಿತ್ತು. ಇನ್ನು ಅವನು ಕೇಳುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಹೆದರಿಕೆ ಆಯಿತು. ನಿನ್ನೆಯಿಂದ ಅವಳಿಗೆ ಏನಾದರೂ ಆದದ್ದು ಅದೇ ಮೊದಲು.

ತಟ್ಟೆಯನ್ನು ತೊಡೆಯ ಮೇಲೆ ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದಳು. ಗಂಡನ ಮುಖದತ್ತ ಬಾಗಿದಳು.

"ಹೋಗುವನಾ?" ಎಂದು ಕೇಳಿದಳು.

ಅವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. ಆಮೇಲೆ ಡ್ರೈವರಿಗೆ ತಲೆಯಾಡಿಸಿದಳು.

ವ್ಯಾನು ಅಂಗಡಿಸಾಲು ದಾಟಿ ಸೇತುವೆಯತ್ತ ಎಡಕ್ಕೆ ಹೊರಳಿತು. ಸುಗುಣಾ ಬಲಗಾಲನ್ನು ನೆಲಕ್ಕೆ ಒತ್ತಿ, ತಟ್ಟೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು.