ಪಾಟೀಲ ಎತ್ತಿದ ವೀಳ್ಯ

ಮೈಲಾರಲಿಂಗಪ್ಪನ ಅರ್ಧ ಆಯುಷ್ಯ ಜೇಲಿಗೆ ಹೋಗಿ ಬರುವುದರಲ್ಲೇ ಕಳೆದಿತ್ತು. ಹಿರೇಕೆರೂರಿನ ಕರನಿರಾಕರಣೆಯಲ್ಲಿ ಒಮ್ಮೆ, ನಲವತ್ತೆರಡರಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಇನ್ನೊಮ್ಮೆ. ಇಂಗ್ಲಿಷರು ಹೋದ ಮೇಲೆ ಜೊತೆಯವರು ಹೊಲಮನೆ ನೋಡಿಕೊಂಡರು. ಇವನು ಮಾತ್ರ ಗೋವಾ ಇನ್ನೂ ಪೋರ್ಚುಗೀಸ್ ಫಿರಂಗಿಗಳ ಕೈಯಲ್ಲಿದೆ ಎಂದು ಹಾನಗಲ್ಲು, ಶಿಗ್ಗಾಂವಿ, ಸವಣೂರು ಎಂದು ತಿರುಗುತ್ತಲೇ ಇದ್ದ. ಆದರೆ ಬೆಳಗಾದರೆ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಫಿರಂಗಿಗಳ ಮೇಲಿನ ಸಿಟ್ಟಲ್ಲ, ತನ್ನೂರಿನ ಪರಮೇಶ್ವರಪ್ಪ ಪಾಟೀಲನ ಮೇಲಿನ ಸಿಟ್ಟು.

ಹತ್ತಿಮತ್ತೂರಿನ ಆಚೆಗಿದ್ದ ಆ ಸಣ್ಣ ಊರಿನಲ್ಲಿ, ನಲವತ್ತೆರಡರಲ್ಲಿ, ಮೈಲಾರಲಿಂಗಪ್ಪ ಹಿಂಡಲಗಿ ಜೇಲಿನಲ್ಲಿದ್ದಾಗ ಅವನ ತಮ್ಮ ಉಳಿವೆಪ್ಪ ಪೋಲೀಸರಿಗೆ ಹೆದರಿ ಹಗೇವಿನಲ್ಲಿ ಅಡಗಿದ್ದ. ನೆಲದೊಳಗೆ ಜೋಳ ತುಂಬಿಡುವ ಆಳವಾದ ಗುಂಡಿ ಅದು. ಪೋಲೀಸರಿಗೆ ಜಾಗ ತೋರಿಸಿದವನು ಪಾಟೀಲ. ಮುಚ್ಚಿದ ಹಗೇವಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ ಎಂದು ಗೊತ್ತಿದ್ದೂ, "ಫೌಜದಾರ ಸಾಹೇಬರು ಬರೂತನಕ ಕಲ್ಲು ತಗೀಬ್ಯಾಡ್ರಿ, ಓಡಿಹೋಗ್ತಾನ" ಎಂದು ಬಾಯಿಗಲ್ಲಿನ ಮೇಲೆ ತಾನೇ ಕುಳಿತಿದ್ದ. ಫೌಜದಾರ ಬಂದು ಕಲ್ಲು ತೆಗೆಸಿದಾಗ ಒಳಗಿದ್ದದ್ದು ಹೆಣ. ತನ್ನಷ್ಟಕ್ಕೆ ಬಿದ್ದು ಸತ್ತ ಎಂದು ಪಂಚನಾಮೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ಪಾಟೀಲ ಖಾದಿ ಟೊಪ್ಪಿಗೆ ಹಾಕಿದ.

ಕೊಡಲಿ ಎತ್ತಬಹುದಿತ್ತು. ಆದರೆ ಮೈಲಾರಲಿಂಗಪ್ಪ ಅಹಿಂಸೆಯ ಪ್ರತಿಜ್ಞೆ ಮಾಡಿದವನು. ಯಾರ ಮೇಲೂ ಕೈ ಎತ್ತದ ಮನುಷ್ಯ ಎಂಬ ಹೆಸರೊಂದೇ ಅವನ ಗಳಿಕೆ.

ಐವತ್ತೈದರ ಆಗಸ್ಟಿನಲ್ಲಿ ಗೋವಾ ಸತ್ಯಾಗ್ರಹಕ್ಕೆ ಹೊರಟ ಮೈಲಾರಲಿಂಗಪ್ಪನ ತುಕಡಿಯನ್ನು ಬೀಳ್ಕೊಡಲು ಸವಣೂರಿನಲ್ಲಿ ದೈವ, ಅಂದರೆ ಹಿರಿಯರು ಮಂದಿ ಎಲ್ಲ ಸೇರಿದ ಸಭೆ, ಕೂಡಿತು. ಸ್ವಾಗತ ಸಮಿತಿಯ ಅಧ್ಯಕ್ಷ ಪರಮೇಶ್ವರಪ್ಪನೇ. ತಟ್ಟೆಯಲ್ಲಿ ಸವಣೂರಿನ ಎಲೆ, ಅಡಿಕೆ. ಆ ಕಡೆ ದೈವದ ಮುಂದಿಟ್ಟ ವೀಳ್ಯವನ್ನು ಯಾರೂ ಎತ್ತಿ ಕೊಡುವುದಿಲ್ಲ. ಹೋಗುವವನೇ ಎತ್ತಿಕೊಳ್ಳಬೇಕು. ಎತ್ತಿದನೆಂದರೆ ಒಪ್ಪಿದ ಹಾಗೆ.

ಪಾಟೀಲ ಹಿಡಿದ ತಟ್ಟೆಗೆ ಕೈ ಹಾಕಲು ಮೈಲಾರಲಿಂಗಪ್ಪನಿಗೆ ಅಸಹ್ಯವಾಯಿತು. ಸುಮ್ಮನೆ ನಿಂತ.

"ಲಗೂ ಎತ್ಕೊಳ್ರಿ, ಮಳಿ ಬರಾಕತ್ತೈತಿ," ಎಂದ ಪಾಟೀಲ.

"ಹಿಂಡಲಗಿ ಕಂಡಾಂವಗ ಎಲಿ ಎತ್ತಾಕ ಕೈ ನಡಗಾಕತ್ತಾವೇನ?" ಹಿಂದಿನಿಂದ ಯಾರೋ ಅಂದರು. ಮಂದಿ ನಕ್ಕಿತು.

ಸಭೆಗಳಲ್ಲಿ ಬಹುಮಾನ ಹಂಚಿ ರೂಢಿಯಾಗಿದ್ದ ಪಾಟೀಲ ತಟ್ಟೆಯಿಂದ ವೀಳ್ಯ ಎತ್ತಿ ಮುಂದೆ ಚಾಚಿದ. "ತಗೋರಿ."

ಮೈಲಾರಲಿಂಗಪ್ಪ ಹಿಂದೆ ಸರಿದು ಮಂದಿಗೆ ಕೈಮುಗಿದ. "ದೈವದವರ, ನೋಡಿದ್ರಿಲ್ಲೋ? ಪಾಟೀಲ್ರು ವೀಳ್ಯ ಎತ್ಯಾರ! ನಮ್ಮ ಮುಂದ ಅವರ ನಡೀತಾರ!"

ತುಕಡಿಯ ಸಿರಾಜುದ್ದೀನ, ಸವಣೂರಿನವನೇ, ಜೈಕಾರ ಹಾಕಿಬಿಟ್ಟ.

"ಏ, ನಾ ಕೊಡಾಕ ಎತ್ತೇನೋ..." ಪಾಟೀಲನ ದನಿ ಜೈಕಾರದಲ್ಲಿ ಮುಳುಗಿತು.

"ಕೊಡಾಕ ಯಾರರ ಎತ್ತತಾರೇನ್ರಿ, ಪಾಟೀಲ್ರ?" ಎಂದರು ದೈವದ ಹಿರಿಯರು.

ಎಲೆಕ್ಷನ್‌ಗೆ ನಿಲ್ಲಬೇಕೆಂದಿದ್ದವನು ಅಷ್ಟು ಮಂದಿಯ ಎದುರು ವೀಳ್ಯ ಕೆಳಗಿಡಲಾರ. ಹೆಂಗಸರ ನಡುವೆ ಅವನ ಹೆಂಡತಿ ದಾನವ್ವ ಆರತಿ ಹಿಡಿದು ಬಂದಳು. ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ಮೈಲಾರಲಿಂಗಪ್ಪನನ್ನು.

ಗಡಿಯ ಹತ್ತಿರ ಲೋಂಡಾದಲ್ಲಿ ರೈಲು ಇಳಿದು ಜಾರಿಕೊಳ್ಳಬೇಕೆಂಬುದು ಪಾಟೀಲನ ಲೆಕ್ಕ. ಮೈಲಾರಲಿಂಗಪ್ಪ ಯಲವಿಗಿ ಸ್ಟೇಶನ್ನಿನಿಂದಲೇ ಅವನ ಬೆನ್ನಿಗಂಟಿದ್ದ. ಪಾಟೀಲ ಪಾಯಖಾನೆಗೆ ಹೋದರೆ ಬಾಗಿಲಿಗೆ ನಿಂತ.

"ಮೈಲಾರಲಿಂಗಪ್ಪಾ, ನನಗ ಉಬ್ಬಸ ಐತೋ," ಎಂದ ಪಾಟೀಲ ಹುಬ್ಬಳ್ಳಿಯಲ್ಲಿ.

"ಹಗೇವಿನ್ಯಾಗ ಗಾಳಿ ಇರಲಿಲ್ರಿ. ಗಡಿಯಾಗ ಬೇಕಾದಷ್ಟ ಐತಿ, ಬರ್ರಿ."

ಲೋಂಡಾದಲ್ಲಿ ಪಾಟೀಲ ಇಳಿದಾಗಲೂ ಮೈಲಾರಲಿಂಗಪ್ಪ ಪಕ್ಕದಲ್ಲೇ ಇದ್ದ.

ಗಡಿಯಲ್ಲಿ ಮಳೆ ಸುರಿಯುತ್ತಿತ್ತು. ಧ್ವಜ ಹಿಡಿದು ಹಾಡುತ್ತ ಕಾಡಿನ ದಾರಿಯಲ್ಲಿ ಇಳಿದರು. ಫಿರಂಗಿ ಸಿಪಾಯಿಗಳು ಮೊದಲ ಗುಂಡು ಮೇಲಕ್ಕೆ ಹಾರಿಸಿದರು. ಪಾಟೀಲ ತಿರುಗಿ ಓಡಲು ನೋಡಿದ. ಮೈಲಾರಲಿಂಗಪ್ಪ ಅವನ ಮಣಿಕಟ್ಟು ಹಿಡಿದ. ಹೊಡೆಯಲಿಲ್ಲ, ದೂಡಲಿಲ್ಲ, ಹಿಡಿದ ಅಷ್ಟೆ.

"ಬಿಡೋ, ನಿನ್ನ ಕಾಲಿಗೆ ಬೀಳ್ತೇನಿ!"

"ನಮ್ಮ ಉಳಿವೆಪ್ಪನೂ ಒಳಗಿಂದ ಕಲ್ಲು ಬಡದಿರಬೇಕು. ಕೇಳ್ಸಿತ್ತೇನ ನಿಂಗ?"

ಮುಂದಿನ ಗುಂಡು ಪಾಟೀಲನ ಕುತ್ತಿಗೆಗೆ ಬಿತ್ತು. ಹಿಡಿದ ಕೈಯೊಳಗೆ ನಾಡಿ ನಿಲ್ಲುವುದು ಮೈಲಾರಲಿಂಗಪ್ಪನಿಗೆ ಗೊತ್ತಾಯಿತು. ಸುಖವಾಯಿತು. ಅದನ್ನು ಅವನು ತನ್ನಿಂದ ಮುಚ್ಚಿಡಲಿಲ್ಲ. ಹಿಂದೆ ಇದ್ದ ಸಿರಾಜುದ್ದೀನ ಎಲ್ಲ ನೋಡಿದ್ದ.

ಮುಂದಾದದ್ದನ್ನು ಮೈಲಾರಲಿಂಗಪ್ಪ ಯೋಚಿಸಿರಲಿಲ್ಲ. ಹೆಣ ಸವಣೂರಿಗೆ ಬಂದಾಗ ಅಂಗಡಿಗಳೆಲ್ಲ ಮುಚ್ಚಿದವು. ಪಾಟೀಲ ಹುತಾತ್ಮನಾದ. ಅವನ ಫೋಟೊ ಸಾಲೆಯ ಗೋಡೆಗೇರಿತು. ಉಳಿವೆಪ್ಪನ ಹೆಸರು ಯಾವ ಗೋಡೆಯ ಮೇಲೂ ಬರಲಿಲ್ಲ. ಪ್ರತಿ ಆಗಸ್ಟಿನಲ್ಲೂ ಊರವರು ಮೈಲಾರಲಿಂಗಪ್ಪನನ್ನೇ ಕರೆದು ಭಾಷಣ ಮಾಡಿಸುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿದ್ದವನು ಅವನೇ ತಾನೆ?

ಗೋವಾ ಬಿಡುಗಡೆಯಾದ ಮರುತಿಂಗಳು ಊರಿನಲ್ಲಿ ಹುತಾತ್ಮನ ಹೆಸರಿನ ಕಟ್ಟೆ ಕಟ್ಟಿ ಸಭೆ ಇಟ್ಟರು. ಇವತ್ತು ಹಗೇವಿನ ಕತೆ ಬಿಚ್ಚಿಬಿಡುವುದೆಂದು ಮೈಲಾರಲಿಂಗಪ್ಪ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಪೆಂಡಾಲಿನ ಹಿಂದೆ ದಾನವ್ವ ಚಹಾ ತಂದುಕೊಟ್ಟಳು.

"ಮಾರಿ ನೋಡಿದ್ರ ತಿಳಿತೈತಿ. ಹಗೇವಿನ ಮಾತು ತಗೀತೀರೇನು?"

ಅವನು ಕಪ್ಪು ಕೆಳಗಿಟ್ಟ. "ಹೌದ್ರಿ ಅಕ್ಕಾರ."

"ತಗೀರಿ. ಆಮ್ಯಾಲೆ ನಾ ಎದ್ದು ನಿಂದರತೇನಿ. ಯಾರ ಕೈ ಯಾರು ಹಿಡದಿದ್ರು ಅಂತ ಸಿರಾಜುದ್ದೀನಣ್ಣ ಆವಾಗ್ಲೇ ನನಗ ಹೇಳ್ಯಾನ. ಇವತ್ತೂ ಮುಂದ ಕುಂತಾನ."

"ಗೊತ್ತಿದ್ದೂ ಇಷ್ಟ ವರ್ಷ ಯಾಕ ಸುಮ್ನಿದ್ರಿ?"

"ಹೇಳಿದ್ರ ಜೇಲಿಗೆ ಹೋಗ್ತಿದ್ರಿ. ಜೇಲಂದ್ರ ನಿಮಗ ಮನಿ ಇದ್ದಂಗ. ನನಗ ಅದು ಬ್ಯಾಡ. ನನ್ನ ಗಂಡಗ ನೀವು ಜೈ ಅನ್ನಬೇಕು. ನೀವು ಸಾಯೂತನಕ, ವರ್ಷಾ ವರ್ಷಾ. ಅಂದ್ರ ಹೆಸರು ಉಳಿತೈತಿ ನಿಮ್ಮದು."

ಹೆಸರು ಕೂಗಿದರು. ಮೈಲಾರಲಿಂಗಪ್ಪ ವೇದಿಕೆ ಹತ್ತಿದ. ಸಿರಾಜುದ್ದೀನ ತಲೆ ತಗ್ಗಿಸಿ ಕುಳಿತಿದ್ದ. ದಾನವ್ವ ಬಂದು ಮುಂದಿನ ಸಾಲಿನಲ್ಲಿ ಕುಳಿತಳು.

"ಪರಮೇಶ್ವರಪ್ಪ ಪಾಟೀಲರು ನನ್ನ ಪಕ್ಕದಲ್ಲೇ ಎದೆಯೊಡ್ಡಿ ನಿಂತಿದ್ದರು," ಎಂದ ಅವನು.

"ಕೇಳಿಸವಲ್ದು," ಎಂದಳು ದಾನವ್ವ. "ಜೋರ್ಲೆ ಹೇಳ್ರಿ."

ಅವನು ಜೋರಾಗಿ ಹೇಳಿದ.